ಕರಿ ಮೇಲೆ ಕರಿ

ನ್ಯಾಮತಿಯ ಪಿಸ್ತೂಲು ಸ್ಪರ್ಧಿ ಹಾಲೇಶಪ್ಪನವರಿಗೆ ಇರುವುದು ಒಂದೇ ದಿಗಿಲು: ಕಪ್ಪು ಗುರಿಹಲಗೆಯ ಮುಂದೆ ಪಿಸ್ತೂಲಿನ ತುದಿಯ ಕಪ್ಪು ಗುರಿಮೊನೆ ಕರಗಿಹೋಗುತ್ತದೆ. ಆ ಮೊನೆಗೆ ಎಲೆಯಡಿಕೆಯ ಸುಣ್ಣ ಹಚ್ಚಿದರು, ವಿಭೂತಿ ತೀಡಿದರು, ಕೊನೆಗೆ ಸೊಸೆಯ ಬಿಳಿ ಉಗುರುಬಣ್ಣಕ್ಕೆ ಬಂದು ನಿಂತರು. ಸ್ಪರ್ಧೆ ಹತ್ತಿರವಾದಂತೆ ಹೆಬ್ಬೆರಳಿನ ಉಗುರಿಗೂ ಅದನ್ನೇ ಬಳಿದುಕೊಂಡು, ಸವಳಂಗದ ಬಸ್ಸಿನ ಕರಿ ಚಕ್ರ ಕಂಡರೂ ಕೈ ಚಾಚಿ, ಒಂದು ಕಣ್ಣು ಮುಚ್ಚಿ ಪರೀಕ್ಷಿಸುತ್ತಾರೆ. “ಕರಿ ಮೇಲೆ ಕರಿ ಹೆಂಗೆ ಕಾಣಬೇಕ್ರೀ? ತಪ್ಪು ಬಣ್ಣದ್ದೈತೆ, ಕಣ್ಣಿಂದಲ್ಲ” ಎಂದು ಕೇಳದವರಿಗೂ ಹೇಳುತ್ತಾರೆ. ಈಚೆಗೆ ಅದೇ ಬಿಳಿ ಚುಕ್ಕೆಗಳು ಮನೆಯ ಮೆಟ್ಟಿಲಂಚಿನಲ್ಲಿ, ದೀಪದ ಸ್ವಿಚ್ಚಿನ ಮೇಲೆ, ಬಾಗಿಲ ಚಿಲಕದ ಮೇಲೆ ಮೂಡಿವೆ. ಇಟ್ಟವರು ಹೆಂಡತಿ ಗಿರಿಜಮ್ಮ. ಯಾಕಿಟ್ಟೆ ಎಂದು ಒಂದು ಮಾತು ಕೇಳಬಹುದು. ಆಕೆ ಹೇಳಿಬಿಟ್ಟರೆ ಎಂಬ ಭಯಕ್ಕೆ ಹಾಲೇಶಪ್ಪ ಕೇಳಿಲ್ಲ.