ಪಂಚೆ ಕಿತ್ತೆಸೆದು ಹಾರಿದವನು

ತೆಂಗಿನ ನಾರಿನ ಪುಡಿ ಮಳೆಗೆ ನೆನೆದಾಗ ಬರುವ ವಾಸನೆ ನಿಮಗೆ ಗೊತ್ತಿದ್ದರೆ, ಚನ್ನರಾಯಪಟ್ಟಣದ ನಮ್ಮ ಮನೆಯ ಹಿತ್ತಲಿಗೆ ನೀವು ಬಂದಂತೆಯೇ. ನಮ್ಮದು ಕಾಯಿ ವ್ಯಾಪಾರದ ಮನೆ. ಕಾಯಿ ಸುಲಿದು, ಸಿಪ್ಪೆ ಬಡಿದು ನಾರು ತೆಗೆದ ಮೇಲೆ ಉಳಿದ ಪುಡಿಯನ್ನು ಊರವರೆಲ್ಲ ತಿಪ್ಪೆಗೆ ಸುರಿದರೆ, ನಮ್ಮ ಚಿಕ್ಕಪ್ಪ ರುದ್ರಣ್ಣ ಹಿತ್ತಲಲ್ಲಿ ಗುಂಡಿ ತೋಡಿ ಅದನ್ನು ತುಂಬಿದ್ದ. ದಿನಾ ಬೆಳಗ್ಗೆ ಕೊಟ್ಟಿಗೆ ಕಡೆಯಿಂದ ಓಡಿ ಬಂದು, ಬಾವಿಕಟ್ಟೆಯ ಪಕ್ಕ ಹೂತ ಹಲಗೆಗೆ ಕಾಲೂರಿ, ಧೊಪ್ಪನೆ ಅದರೊಳಗೆ ಬೀಳುತ್ತಿದ್ದ. ತಲೆ, ಮೀಸೆ, ಕಿವಿಯೆಲ್ಲ ಕಂದು ಪುಡಿ. ಉದ್ದ ಜಿಗಿತದಲ್ಲಿ ಅವನನ್ನು ಮೀರಿಸುವವರು ಜಿಲ್ಲೆಯಲ್ಲೇ ಇರಲಿಲ್ಲ. ಉತ್ಪ್ರೇಕ್ಷೆ ಅನ್ನುವವರು ಅನ್ನಲಿ, ಕಂಡವಳು ನಾನು. ಅರಕಲಗೂಡಿಗೆ ಹೋದರೆ ಹೋಟೆಲಿನವರು ಕಾಫಿ ಕುಡಿಸದೆ ಬಿಡುತ್ತಿರಲಿಲ್ಲ. ಹೊಳೆನರಸೀಪುರದಲ್ಲಿ ಹುಡುಗರು ಹೊಳೆಯ ಮರಳಲ್ಲಿ ಅವನ ಹಿಮ್ಮಡಿ ಬಿದ್ದಲ್ಲಿ ಕಡ್ಡಿ ನೆಟ್ಟು, ಅಲ್ಲಿಗೆ ಮುಟ್ಟಲು ಸಂಜೆವರೆಗೂ ಒದ್ದಾಡುತ್ತಿದ್ದರು.

ಅಜ್ಜಿಯದು ಮಾತ್ರ ಒಂದೇ ಹಟ. "ಮರ್ವಾದಸ್ತರ ಮನೆ ಗಂಡು ಚಡ್ಡೀಲಿ ಜನದ ಮುಂದೆ ನಿಂತ್ಕೊಳೋದಾ? ಹಾರೋದಾದ್ರೆ ಕಚ್ಚೆ ಪಂಚೇಲೇ ಆರ್ಲಾ." ಕೊರಳಲ್ಲಿದ್ದ ಲಿಂಗ ಮುಟ್ಟಿಸಿ ಮಾತು ತೆಗೆದುಕೊಂಡಿದ್ದಳು. ಊರೂರಲ್ಲಿ ಅದು ನಡೆಯಿತು. ಹಾಸನದ ದೊಡ್ಡ ಪಂದ್ಯದಲ್ಲಿ ನಡೆಯಲಿಲ್ಲ.

ಆ ಮೈದಾನದಲ್ಲಿ ಹೆಣ್ಣು ಜೀವ ಅಂತ ಇದ್ದದ್ದು ನಾನು ಮತ್ತು ಅಜ್ಜಿ. ಚಿಕ್ಕಪ್ಪ ಹಾರಿದ. ಜನ ಹೋ ಎಂದರು. ಆದರೆ ಕಚ್ಚೆಯ ತುದಿ ಬಿಚ್ಚಿ, ಅವನ ಹಿಂದೆ ಮರಳಲ್ಲಿ ಗೀರೆಳೆದಿತ್ತು. ಅಳೆಯುವವರು ಆ ಗೀರಿಗೇ ಟೇಪು ಹಿಡಿದರು. ಎಲ್ಲಕ್ಕಿಂತ ಹಿಂದೆ ಬಿದ್ದ ಗುರುತೇ ಲೆಕ್ಕ, ನಿಯಮವಂತೆ! ಮತ್ತೆ ಹಾರಿದ, ಮತ್ತೆ ಅದೇ ಹಾಳು ತುದಿ. ಇನ್ನೊಂದೇ ಸರದಿ ಬಾಕಿ, ಗೆಲುವು ಬೇರೆಯವನ ಪಾಲಾಗುವುದರಲ್ಲಿತ್ತು.

"ಬಿಚ್ಚಾಕ್ಲಾ ಅದ್ನ, ಒಳಗೆ ಚಡ್ಡಿ ಐತಲ್ಲಾ," ಎಂದ ಅವನ ಗೆಳೆಯ.

"ಅವ್ವಂಗೆ ಮಾತು ಕೊಟ್ಟಿವ್ನಿ ಕಣ್ಲಾ. ಸೋತ್ರೆ ಸೋಲ್ತೀನಿ."

ಅಜ್ಜಿಗೆ ಅದು ಕೇಳಿಸಿತು. ಎದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಲೇ ರುದ್ರಾ! ಕಿತ್ತಾಕ್ಲಾ ಆ ಪಂಚೇನ! ಮಾತು ಈಸ್ಕೊಂಡೋಳು ನಾನು, ವಾಪಸ್ ಕೊಟ್ಟಿವ್ನಿ ಕಣ!"

ಮೈದಾನವೆಲ್ಲ ನಕ್ಕಿತು. ಚಿಕ್ಕಪ್ಪ ಪಂಚೆ ಬಿಚ್ಚಿ ಅವಳ ಮಡಿಲಿಗೆ ಎಸೆದು ಓಡಿದ. ಸೋತಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿದ್ದೆನೇ? ಊರಿಗೆ ಬಂದ ಮೇಲೆ ನೆಂಟರು ಮರ್ಯಾದೆ ಹೋಯಿತೆಂದು ಗೊಣಗಿದರು. ಅಜ್ಜಿ ಜಗಲಿಯ ಮೇಲೆ ನಿಂತು, "ನನ್ ಮಗ ಆರ್ದ. ನಿಮ್ ಮಕ್ಳು ಏನ್ ಕಡ್ದು ಗುಡ್ಡೆ ಆಕುದ್ರು?" ಎಂದಳು.

ಅಜ್ಜಿ ಹೋದಳು. ವ್ಯಾಪಾರ ನಿಂತಿತು. ಮನೆ ಕೆಡವಿದ ಜಾಗದಲ್ಲಿ ಅಂಗಡಿಗಳೆದ್ದವು, ಗುಂಡಿ ಅವುಗಳ ನೆಲದಡಿ ಸೇರಿತು. ಮುದುಕನಾದ ಚಿಕ್ಕಪ್ಪ ಒಂದು ದಿನ ಕುಳಿತಲ್ಲೇ ತೀರಿಕೊಂಡಾಗ, ಅವನು ಹಾರುತ್ತಿದ್ದುದನ್ನು ಕಂಡವರು ಆ ಬೀದಿಯಲ್ಲಿ ಉಳಿದಿರಲಿಲ್ಲ.

ನಮ್ಮಲ್ಲಿ ಹೂಳುತ್ತಾರೆ. ನಮ್ಮ ಮನೆಯ ಹೆಂಗಸರು ಗುಂಡಿಯ ಹತ್ತಿರ ಹೋಗುವ ರೂಢಿಯಿಲ್ಲ. ನಾನು ಹೋದೆ, ಕಾಯಿ ಮಂಡಿಯಿಂದ ತಂದ ನಾರಿನ ಪುಡಿಯನ್ನು ಸೆರಗಿನಲ್ಲಿ ತುಂಬಿಕೊಂಡು.

"ವಿಭೂತಿ ಬಿಟ್ಟು ಇನ್ನೇನೂ ಆಕಂಗಿಲ್ಲ ಕಣಮ್ಮ," ಎಂದರು ಹಿರಿಯರೊಬ್ಬರು.

"ಆಕ್ತೀನಿ. ನಮ್ ಚಿಕ್ಕಪ್ಪ ಬೀಳ್ತಿದ್ದದ್ದು ಇದ್ರೊಳಕ್ಕೇಯ."

ಯಾರೂ ಕೈ ಹಿಡಿದು ತಡೆಯಲಿಲ್ಲ. ಸುರಿದೆ. ಸೆರಗು ಕೊಡವದೆ ಮನೆಗೆ ಬಂದೆ.