ನುಂಗಿಕೊಂಡ ಪ್ರಶ್ನೆ

ಗಂಗವ್ವ, ಡಾಕ್ಟರು ಕೇಳಿದ ಪ್ರಶ್ನೆಯನ್ನು ನಾನು ನಿನಗೆ ಮುಟ್ಟಿಸಲೇ ಇಲ್ಲ. ನೀನು ಕೊಡದ ಉತ್ತರವನ್ನು ಅವರಿಗೆ ಮುಟ್ಟಿಸಿದೆ. ಇಷ್ಟು ವರ್ಷ ಯಾರ ಮುಂದೆಯೂ ಬಾಯಿಬಿಟ್ಟಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಕಟ್ಟಡದ ಕೆಲಸಕ್ಕೆಂದು ವಿಜಾಪುರದ ಕಡೆಯಿಂದ ಬಂದು, ಆಂಟಾಪ್ ಹಿಲ್‌ನ ನಮ್ಮ ಕಾಲನಿಯ ಪಕ್ಕದಲ್ಲೇ ಇದ್ದಿರಿ ನೀವು ಗಂಡ ಹೆಂಡತಿ. ಬಾಣಂತನದಲ್ಲಿ ನಿನಗೆ ನಿದ್ದೆ ತಪ್ಪಿತು, ಮಾತು ನಿಂತಿತು, ಕೂಸನ್ನು ಎತ್ತಿಕೊಳ್ಳುವುದನ್ನೂ ಬಿಟ್ಟೆ. ನಿನಗೂ ನಿನ್ನ ಗಂಡನಿಗೂ ಕನ್ನಡ ಬಿಟ್ಟರೆ ಬೇರೆ ಬಾರದು. ಧಾರವಾಡದವಳಾದ ನನಗೆ ಮರಾಠಿ ನೀರು ಕುಡಿದಷ್ಟು ಸುಲಭ — ಆ ಜಂಬವೂ ಇತ್ತೆನ್ನು. ಆಸ್ಪತ್ರೆಗೆ ನಾನೇ ಜೊತೆ ಬಂದೆ.

ಡಾಕ್ಟರು ಮರಾಠಿಯಲ್ಲಿ ಹೇಳಿದರು: "ಸಾಯಬೇಕು ಅನ್ನಿಸುತ್ತಿದೆಯಾ ಎಂದು ಕೇಳಿ. ಸುತ್ತಿಬಳಸಬೇಡಿ."

ಬಾಣಂತಿಯ ಮುಂದೆ ಸಾವಿನ ಮಾತೇ? ನಮ್ಮ ಮನೆಯಲ್ಲಿ ಸಿಟ್ಟಿನಲ್ಲಿ ಯಾರಾದರೂ ಅಂಥದ್ದನ್ನು ಆಡಿದರೆ, "ಬಿಡ್ತು ಅನ್ನು" ಎಂದು ಅವ್ವ ಬೆನ್ನು ಹತ್ತುತ್ತಿದ್ದಳು. ಕೇಳಿದರೆ ಇಲ್ಲದ ಯೋಚನೆಯನ್ನು ನಾನೇ ತುಂಬಿದಂತೆ ಅಂದುಕೊಂಡೆ. ನಿನ್ನ ಕಡೆ ತಿರುಗಿ, "ಧೈರ್ಯಾ ತಗೋಬೇಕವ್ವಾ, ಹೌದಿಲ್ಲೋ?" ಎಂದೆ. ನೀನು ತಲೆಯಾಡಿಸಿದೆ. ಅಂಥ ಯೋಚನೆ ಏನೂ ಇಲ್ಲವಂತೆ ಎಂದು ನಾನು ಡಾಕ್ಟರಿಗೆ ಹೇಳಿದೆ. ಇದೆ ಎಂದಿದ್ದರೆ ಅಂದೇ ವಾರ್ಡಿಗೆ ಸೇರಿಸಿಕೊಳ್ಳುತ್ತಿದ್ದರು. ಗುಳಿಗೆ ಕೊಟ್ಟು ಮನೆಗೆ ಕಳಿಸಿದರು.

ಆ ವಾರವೇ ನೀನು ನಮ್ಮ ಬಿಲ್ಡಿಂಗಿನ ಟೆರೇಸಿನ ಅಂಚಿಗೆ ಹೋಗಿ ನಿಂತೆ. ಹಪ್ಪಳ ಒಣಗಿಸುತ್ತಿದ್ದ ಹೆಂಗಸರು ಹಿಡಿದೆಳೆದರು. ಅವರು ಅಲ್ಲಿರದಿದ್ದರೆ —

ಆಮೇಲೆ ವಾರ್ಡಿನಲ್ಲಿ ಚೇತರಿಸಿಕೊಂಡು ನೀನೇ ಹೇಳಿದೆ: "ಯಾರರ ಕೇಳಿದ್ರ ಹೇಳಿಬಿಡಬೇಕಂತ ಕುಂತಿದ್ನಿರಿ ಅಕ್ಕಾರ. ಆ ಡಾಕ್ಟರ ಒಂದ್ ಮಾತೂ ಕೇಳಲಿಲ್ಲ ನೋಡ್ರಿ."

ನಾನು ಹೂಂ ಎಂದೆ. ಸಾಲದ್ದಕ್ಕೆ, "ದೊಡ್ಡ ಡಾಕ್ಟರಿಗೆ ಪುರುಸೊತ್ತೆಲ್ಲಿ ಬಿಡವ್ವಾ" ಎಂದು ಒಗ್ಗರಣೆ ಬೇರೆ ಹಾಕಿದೆ. ನಾಚಿಕೆಯಾಗುತ್ತದೆ.

ಒಂದು ಕುತೂಹಲ ಇನ್ನೂ ನನ್ನನ್ನು ಬಿಟ್ಟಿಲ್ಲ. ಕೇಳಿದ್ದರೆ ಯಾವ ಮಾತಿನಲ್ಲಿ ಹೇಳುತ್ತಿದ್ದೆ ನೀನು? ಅತ್ತುಬಿಡುತ್ತಿದ್ದೆಯಾ? ಇಲ್ಲ, ತಲೆನೋವು ಎಂದಷ್ಟು ಸಲೀಸಾಗಿ — ? ಈಗ ಅದೇ ಆಸ್ಪತ್ರೆಯವರು ಕನ್ನಡದ ರೋಗಿಗಳು ಬಂದಾಗ ನನಗೆ ಹೇಳಿಕಳಿಸುತ್ತಾರೆ. ನೇರವಾಗಿಯೇ ಕೇಳುತ್ತೇನೆ. ಕೇಳಿದ್ದಕ್ಕೆ ಯಾರೂ ಕೆಟ್ಟಿಲ್ಲ. ಎಷ್ಟೋ ಜನ ದೀರ್ಘವಾಗಿ ಉಸಿರು ಬಿಟ್ಟು ಮಾತು ಶುರುಮಾಡುತ್ತಾರೆ. ಪ್ರತಿ ಸಲವೂ ನಿನ್ನ ಮುಖವೇ ಕಾಣುತ್ತದೆ.

ಈ ಭಾನುವಾರ ಬೊರಿವಲಿಗೆ, ನಿನ್ನ ಮನೆಗೆ ಬರುತ್ತೇನೆ. ನೀನು ಚಹಾಕ್ಕಿಡುವ ಮೊದಲೇ ಹೇಳಿಬಿಡಬೇಕು — ಡಾಕ್ಟರು ಕೇಳಿದ್ದರು, ಗಂಗವ್ವ. ಕೇಳದವಳು ನಾನು.