ಕಲ್ಲಿನ ಮೇಲಿನ ಅರಿವೆ

ನನ್ನ ಮೊಮ್ಮಗಳ ಚಿತ್ರಗಳ ಮೇಲೆ ನಾನು ದಿನಾ ಮಲಗುತ್ತೇನೆ. ಸುಳ್ಳಲ್ಲ. ಮಂಚದ ಹಲಗೆಯ ಮೇಲೆ ಒಂದು ದಪ್ಪ ರಟ್ಟು, ಅದರ ಮೇಲೆ ನನ್ನ ಹಳೆಯ ಸೀರೆ, ಸೀರೆಯ ಮಡಿಕೆಗಳ ನಡುವೆ ಒಂದೊಂದಾಗಿ ಅವಳ ಚಿತ್ರಗಳು, ಮೇಲೆ ಇನ್ನೊಂದು ರಟ್ಟು, ಗಾದಿ, ಗಾದಿಯ ಮೇಲೆ ನಾನು. ಬನಹಟ್ಟಿಯಲ್ಲಿ ಮಗ್ಗ ಓಡುವ ಮನೆ ನಮ್ಮದು. ಗೋಡೆಗೆ ಹೊಡೆದ ಮೊಳೆ ನಡುಗಿ ನಡುಗಿ ಸಡಿಲಾಗುತ್ತದೆ, ಹತ್ತಿಯ ಧೂಳು ಗಾಜಿನೊಳಗೂ ನುಗ್ಗುತ್ತದೆ. ಅದಕ್ಕೇ ಅವಳು ಹೇಳಿದ್ದು:

"ಆಯಿ, ನೀ ಮ್ಯಾಲ ಮಕ್ಕೋ. ಸಪಾಟ ಇರ್ತಾವ."

"ನಾ ಏನ್ ಇಸ್ತ್ರಿ ಪೆಟ್ಟಿಗೀ ಏನಲೇ?"

"ಇಸ್ತ್ರಿ ಪೆಟ್ಟಿಗಿಗಿಂತ ಭಾರ ಅದಿ."

ಹೀಗೆ ಮಾತಾಡುತ್ತಾಳೆ ನೋಡಿ. ನನಗೆ ಮೂರನೆಯ ಇಯತ್ತೆಗೆ ಸಾಲೆ ಮುಗಿಯಿತು, ಇವಳು ಕಂಪ್ಯೂಟರಿನಲ್ಲಿ ಸೀರೆಯ ದಡಿಗೆ, ಅಂದರೆ ಅಂಚಿಗೆ, ನಕ್ಷೆ ತೆಗೆಯುತ್ತಾಳೆ. ರಬಕವಿ-ಬನಹಟ್ಟಿಯಲ್ಲಿ ಯಾರಾದರೂ ಹೊಸ ದಡಿ ಉಟ್ಟು ಹೋದರೆ ಅದು ನನ್ನ ಮೊಮ್ಮಗಳದ್ದೇ ಇರಬೇಕೆಂದು ಹತ್ತಿರ ಹೋಗಿ ಸೆರಗು ಹಿಡಿದು ನೋಡುತ್ತೇನೆ. ಬೈಸಿಕೊಂಡದ್ದೂ ಇದೆ.

ಅವಳು ಕೂಡಿಸುವುದು ಕಲ್ಲಚ್ಚಿನ ಚಿತ್ರಗಳನ್ನು. ಕಲ್ಲಿನ ಮೇಲೆ ಚಿತ್ರ ಬರೆದು, ಶಾಯಿ ಹಚ್ಚಿ, ಕಾಗದ ಇಟ್ಟು ಒತ್ತಿ ತೆಗೆದವು. ದೇವರ ಪಟವಲ್ಲ, ಹೂವಲ್ಲ, ಹಣ್ಣಲ್ಲ. ಒಂದರಲ್ಲಿ ಬೇವಿನ ಮರ ಬೇರಿಗೆ ಚಪ್ಪಲಿ ಮೆಟ್ಟಿಕೊಂಡು ಆಕಾಶದಲ್ಲಿರುವ ಬಾವಿಗೆ ನೀರಿಗೆ ಹೊರಟಿದೆ. ಇನ್ನೊಂದರಲ್ಲಿ ಬಾಗಿಲೊಳಗೆ ಬಾಗಿಲು, ಕೊನೆಯ ಬಾಗಿಲಿನಲ್ಲಿ ಒಂದು ಕಿವಿ. ಕೆಲವದರಲ್ಲಿ ಅಷ್ಟೂ ಇಲ್ಲ. ಒಂದು ಕರಿ ಉಂಡೆ, ಅದರಿಂದ ಜಾರಿದ ಮೂರು ಕೆಂಪು ಗೆರೆ. "ಇದು ಅಮೂರ್ತ, ಆಯಿ" ಎನ್ನುತ್ತಾಳೆ. ನನಗೆ ಲಾಳಿಯೊಳಗಿನ ಕಂಡಿಕೆ ಬಿಚ್ಚಿ ಸುತ್ತಿದ ನೂಲು ಹರಿದಂತೆ ಕಾಣುತ್ತದೆ. ಅಷ್ಟು ಕಂಡರೆ ಸಾಕು ಎಂದಳು. ಮುಧೋಳದಲ್ಲಿ ಯಾರದೋ ಅಟ್ಟದಿಂದ ಒಂದು ತಂದಳು. ಬೀಳಗಿಯ ಒಂದು ಮನೆಯಲ್ಲಿ ಟ್ರಂಕಿನ ತಳಕ್ಕೆ ಹಾಸಿದ್ದನ್ನು ಬೇಡಿ ತಂದಳು. ಆದರೆ ಹೆಚ್ಚಿನವೆಲ್ಲ ಜಮಖಂಡಿಯ ಒಬ್ಬ ಡ್ರಾಯಿಂಗ್ ಮಾಸ್ತರರ ಕೈಯವು. ನೌಕರಿ ಮುಗಿದ ಮೇಲೆ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹಳೆಯ ಅಚ್ಚಿನ ಯಂತ್ರ ಇಟ್ಟುಕೊಂಡು ಕೂತವರು ಅವರು.

ನಾನು ಸಂಶಯದವಳು. ಇದನ್ನು ಮುಚ್ಚಿಡುವುದೇನಿದೆ? ನಮ್ಮ ಮನೆಯವರು ಇದ್ದಾಗ ಹೇಳುತ್ತಿದ್ದರು: "ನೂಲಿನಾಗ ಗಂಟ ಹುಡುಕಿ ಹುಡುಕಿ ನಿನಗ ಮನಷ್ಯಾರಾಗೂ ಗಂಟ ಕಾಣತಾವ." ಮೊಮ್ಮಗಳು ಭಾನುವಾರ ಭಾನುವಾರ ಜಮಖಂಡಿ ಬಸ್ಸು ಹತ್ತತೊಡಗಿದಾಗ, ಕಾಗದ ನೆವ, ಯಾವನೋ ಹುಡುಗ ಖರೆ ಅಂದುಕೊಂಡೆ. ಹುಡುಗನಾದರೆ ಹುಡುಗ, ಮನೆಗೆ ಕರೆಸಿ ನೋಡಿದರಾಯಿತು ಎಂದು ಚಹಾ ಸಕ್ಕರೆ ತರಿಸಿಟ್ಟಿದ್ದೆ. ಬಂದದ್ದು ಹುಡುಗನಲ್ಲ, ಚಪ್ಪಲಿ ಮೆಟ್ಟಿದ ಬೇವಿನ ಮರ.

ಆ ಮರದ ಕೆಳಗೆ ಪೆನ್ಸಿಲ್ಲಿನಲ್ಲಿ ಸಣ್ಣಗೆ ನಾಲ್ಕು, ಒಂದು ಗೆರೆ, ಆಮೇಲೆ ಹದಿನೈದು ಎಂದು ಬರೆದಿತ್ತು. ಕೇಳಿದೆ.

"ಸರ್ ಹದಿನೈದ ತಗದಾರ, ಅದರಾಗ ಇದು ನಾಕನೇದು. ಆಮ್ಯಾಲ ಕಲ್ಲ ಅರದ ಹಾಕ್ತಾರ. ಚಿತ್ರ ಹೋಗಿಬಿಡತೈತಿ."

"ಛಲೋ ನಕ್ಷಾ ಯಾರರ ತಮ್ಮ ಕೈಲೆ ಅಳಸತಾರೇನ?"

"ಅಳಸತಾರ, ಆಯಿ."

ನಮ್ಮ ಓಣಿಯಲ್ಲಿ ಯಾರಾದರೂ ಹೊಸ ದಡಿ ನೇಯ್ದರೆ ಮುಂದಿನ ಸಂತೆಯೊಳಗೆ ಅದೇ ದಡಿ ಎದುರು ಮನೆಯ ಮಗ್ಗದ ಮೇಲೆ ಇರುತ್ತದೆ. ಅದಕ್ಕೇ ಯಾರಾದರೂ ಬಂದರೆ ಮಗ್ಗದ ಮೇಲೆ ಒಂದು ಅರಿವೆ ಎಸೆಯುವುದು ರೂಢಿ. ಸ್ವಂತ ನಕ್ಷೆಯವರೂ ಮುಚ್ಚುತ್ತಾರೆ, ಕದ್ದವರು ಇನ್ನೂ ಬೇಗ ಮುಚ್ಚುತ್ತಾರೆ. ನಡೆಯುವ ನಕ್ಷೆಯನ್ನು ಜನ ಮೊಮ್ಮಕ್ಕಳ ತನಕ ಕಾಪಾಡುತ್ತಾರೆ. ಹದಿನೈದು ತೆಗೆದು ಅರೆದು ಹಾಕಿದೆ ಎಂದರೆ ನಾನು ನಂಬಬೇಕೆ?

ಮಹಾಲಿಂಗಪುರದಲ್ಲಿ ನಮ್ಮ ಬೀಗರು ಬೆಲ್ಲದ ವ್ಯಾಪಾರದವರು. ಅಲ್ಲಿಗೆ ಹೋದಾಗ ಅಂಗಡಿಯ ಗಾದಿಯ ಹಿಂದೆ, ಗೋಡೆಯ ಮೇಲೆ ಅದೇ ಬೇವಿನ ಮರ! ಅದೇ ಚಪ್ಪಲಿ, ಅದೇ ಬಾವಿ. ನಾನು ಎದ್ದು ಹೋಗಿ ಕೆಳಗಿನ ಪೆನ್ಸಿಲ್ ಅಂಕಿ ಹುಡುಕಿದೆ. ಚೌಕಟ್ಟು ಕೂರಿಸಿದವರು ಆ ಅಂಚನ್ನು ಒಳಗೇ ಮುಚ್ಚಿಬಿಟ್ಟಿದ್ದರು.

"ಏನ್ರೀ ಬೀಗ್ತೇರ, ಪಟಕ್ಕ ಮೂಗ ಹಚ್ಚೀರಿ? ಬೆಲ್ಲದ ವಾಸನಿ ಬರಾಕತ್ತೈತೇನ?" ಎಂದರು ಬೀಗರು.

"ಇದನ್ನ ಎಲ್ಲಿಂದ ತಂದ್ರಿ?"

"ಯಾರೋ ಕೊಟ್ರು. ಗಿಡಕ್ಕ ಚಪ್ಪಲಿ ನೋಡಿ ಗಿರಾಕಿ ನಿಂದರತಾರ, ನಿಂತವ್ರು ಬೆಲ್ಲ ನೋಡತಾರ."

ಬಿಚ್ಚಿ ತೋರಿಸಿ ಎನ್ನಲು ಬಾಯಿ ಬರಲಿಲ್ಲ. ಮಗಳನ್ನು ಕೊಟ್ಟ ಮನೆ. ಊರಿಗೆ ಬಂದವಳೇ ಮೊಮ್ಮಗಳಿಗೆ ಹೇಳಿಬಿಟ್ಟೆ.

"ಹದಿನೈದ ಅದಾವಲ್ಲ ಆಯಿ, ಅದರಾಗಿಂದು ಒಂದ ಅಲ್ಲಿ ಇರಬೇಕು."

"ಹದಿನೈದ ಅಂತ ಬರದಾಂವ ಯಾರು? ಅವನ. ಅರದೇನಿ ಅಂದಾಂವ ಯಾರು? ಅವನ. ನೀ ಕಣ್ಣಲೆ ನೋಡಿಯೇನ?"

ಅವಳು ಮಂಚದ ಅಂಚಿಗೆ ಕೂತು ಹೇಳಿದಳು: "ಸರ್ ಸುಳ್ಳ ಹೇಳಿದ್ರ ನೀ ಮಕ್ಕೊಂಡಿದ್ದೆಲ್ಲಾ ಬರೇ ಹಾಳಿ, ಆಯಿ. ನಾ ಅವರ ಕಡೆ ಕಲಿಯಾಕತ್ತಿದ್ದೂ ಸುಳ್ಳ."

"ಹಂಗಾದ್ರ ನನ್ನ ಕರ್ಕೊಂಡ ಹೋಗು. ನಾ ನೋಡ್ತೇನಿ."

"ಈ ವಾರ ಬ್ಯಾಡ."

"ಯಾಕ ಬ್ಯಾಡ?"

"ಬ್ಯಾಡ ಅಂದ್ರ ಬ್ಯಾಡ."

ಬೇಡ ಎಂದ ಮೇಲೆ ನಾನು ಮನೆಯಲ್ಲಿ ಕೂತೇನೆಯೇ? ಭಾನುವಾರ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ತುರುಬು ಕಟ್ಟಿ, ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಅವಳಿಗಿಂತ ಮೊದಲೇ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಾನು ಅವಳ ಕಡೆ ಮುಖ ಮಾಡಿ ಕೂತೆ.

ಮಾಸ್ತರರು ತೆಳ್ಳಗಿನ ಮನುಷ್ಯ. ಉಗುರಿನ ಸಂದಿಯಲ್ಲೆಲ್ಲ ಕಪ್ಪು. ಅವರ ಹೆಂಡತಿ "ಬರ್ರಿ ಯಕ್ಕಾರ" ಎಂದು ಡಬ್ಬಿ ಈಸಿಕೊಂಡರು. ನಾನು ಚಹಾಕ್ಕೂ ಕಾಯದೆ ಶೆಡ್ಡಿಗೆ ಹೋದೆ. ನಡುವೆ ಒಂದು ಮೇಜು, ಮೇಜಿನ ಮೇಲೆ ಚೌಕದ ಕಲ್ಲು, ಕಲ್ಲಿನ ಮೇಲೆ ಅರಿವೆ.

ಅರಿವೆ ಮುಚ್ಚಿದ್ದು ಕಂಡೊಡನೆ ಕೇಳಿಯೇಬಿಟ್ಟೆ.

"ಬೇವಿನ ಗಿಡದ ಕಲ್ಲು ಎಲ್ಲೈತ್ರಿ ಮಾಸ್ತರ?"

"ಅದೆಲ್ಲೈತ್ರಿ ಅಮ್ಮಾರ? ಅರದ ಹಾಕೀನಿ. ಇದ ಆ ಕಲ್ಲು, ಮ್ಯಾಲ ಗಿಡ ಇಲ್ಲ."

"ಹಂಗಾದ್ರ ಆ ಅರಿಬಿ ಕೆಳಗ ಏನೈತಿ?"

ಮಾಸ್ತರರು ನನ್ನ ಮೊಮ್ಮಗಳ ಮುಖ ನೋಡಿದರು. ಮೊಮ್ಮಗಳು ಮೇಲಿನ ತಗಡು ನೋಡಿದಳು. "ಅದನ್ನ ಮುಟ್ಟಬ್ಯಾಡ್ರಿ, ಹಸೀದೈತಿ" ಎಂದು ಮಾಸ್ತರರು ಯಾಕೋ ಗಡಿಬಿಡಿಯಲ್ಲಿ ನನ್ನನ್ನು ಹೊರಗೆ ಕರೆದರು. ಇಬ್ಬರೂ ಕೂಡಿಯೇ ಏನೋ ಮುಚ್ಚುತ್ತಿದ್ದಾರೆ! ಬರೀ ಮಾಸ್ತರರ ಮೇಲಿದ್ದ ಸಂಶಯ ಈಗ ಎರಡು ಎಳೆಯಾಯಿತು.

ಚಹಾ ಕುಡಿದು, ಶೆಡ್ಡಿನಲ್ಲಿ ಚಪ್ಪಲಿ ಮರೆತೆ ಎಂದು ಹೇಳಿ ಒಬ್ಬಳೇ ಮತ್ತೆ ಒಳಗೆ ಹೋದೆ. ಕಂಡಿಕೆ ಸುತ್ತಿ ಸುತ್ತಿ ನಮ್ಮ ಬೆರಳು ಸೀಳಿರುತ್ತವೆ. ಒರಟು ಬೆರಳಿಗೆ ರೇಷ್ಮೆಯ ಎಳೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಏನನ್ನಾದರೂ ಮುಟ್ಟುವ ಮೊದಲು ಎಣ್ಣೆಗೂದಲ ಮೇಲೊಮ್ಮೆ ಬೆರಳಾಡಿಸಿಕೊಳ್ಳುವುದು ನಮ್ಮ ಹೆಂಗಸರ ಅಭ್ಯಾಸ. ಯೋಚನೆ ಮಾಡಿ ಮಾಡುವುದಲ್ಲ, ಕೈ ತಾನೇ ಹೋಗುತ್ತದೆ. ಹೋಯಿತು. ಅರಿವೆ ಎತ್ತಿದೆ.

ಬೇವಿನ ಮರವಲ್ಲ. ಒಂದು ಮಂಚ, ಮಂಚದ ಮೇಲೆ ಮಲಗಿದ ಮುದುಕಿ, ಅವಳ ಕೂದಲು ನೂಲಿನ ಹಾಗೆ ಮೇಲೆದ್ದು ಹೊಳೆಯಾಗಿ ಹರಿದಿತ್ತು. ಚಿಕ್ಕಪಡಸಲಗಿಯ ಒಡ್ಡಿನ ಹತ್ತಿರ ಹೊಳೆ ತುಂಬಿ ನಿಲ್ಲುತ್ತದಲ್ಲ, ಹಾಗೆ. ಮುದುಕಿಯ ಮೂಗುತಿ ಬಲಮೂಗಿನಲ್ಲಿತ್ತು. ನಮ್ಮ ಓಣಿಯಲ್ಲಿ ಬಲಮೂಗಿಗೆ ಯಾರೂ ಹಾಕುವುದಿಲ್ಲ. ಅಂದರೆ ಬೇರೆ ಊರಿನ ಮುದುಕಿ, ಬೇರೆ ಯಾರದೋ ನಕ್ಷೆಯನ್ನು ಮಾಸ್ತರ ಕದ್ದು ತಂದಿದ್ದಾನೆ! ಇದರ ಕೆಳಗೆ ಬೇವಿನ ಮರ ಇನ್ನೂ ಇರಬಹುದು ಎಂದು ಆಕಾಶದ ಖಾಲಿ ಮೂಲೆಯಲ್ಲಿ ಹೆಬ್ಬೆರಳು ಇಟ್ಟು ಒತ್ತಿ ನೋಡಿದೆ. ಏನೂ ಏಳಲಿಲ್ಲ. ಅರಿವೆ ಮುಚ್ಚಿ, ಚಪ್ಪಲಿ ಮೆಟ್ಟಿ ಹೊರಗೆ ಬಂದೆ.

ಆಮೇಲೆ ಅವರಿಬ್ಬರೂ ಒಳಗೆ ಹೋಗಿ ಕಲ್ಲಿಗೆ ಗೋಂದಿನಂಥ ಏನೋ ಔಷಧ ಹಚ್ಚಿ ಬಂದರು. ಮುಂದಿನ ಭಾನುವಾರ ಕಾಗದಕ್ಕೆ ತೆಗೆಯುವುದಂತೆ. ಅದು ಯಾರ ನಕ್ಷೆ ಎಂದು ಕೇಳಿದರೆ ಕದ್ದು ನೋಡಿದ್ದು ಗೊತ್ತಾಗುತ್ತದೆ. ಕೇಳದಿದ್ದರೆ ನಿದ್ದೆ ಬರುವುದಿಲ್ಲ. ಮಂಚದ ಮೇಲೆ ಹೊರಳಿದಾಗಲೆಲ್ಲ ಕೆಳಗಿನ ರಟ್ಟು ಕಿರ್ರೆನ್ನುತ್ತಿತ್ತು.

ಮುಂದಿನ ಭಾನುವಾರ ಅವಳು ತಡೆಯಲಿಲ್ಲ. "ಬಾ ಆಯಿ" ಎಂದಳು. ಕರೆದದ್ದಕ್ಕೂ ಸಂಶಯ ಬಂತು.

ಮೊಮ್ಮಗಳು ಕಲ್ಲಿಗೆ ಒದ್ದೆ ಸ್ಪಂಜು ಸವರಿದಳು, ಮಾಸ್ತರರು ಶಾಯಿಯ ರೋಲರ್ ಉರುಳಿಸಿದರು. ನೀರು, ಶಾಯಿ, ಮತ್ತೆ ನೀರು, ಮತ್ತೆ ಶಾಯಿ. ಆಮೇಲೆ ಕಾಗದ ಹಾಸಿ, ಯಂತ್ರದ ಹಿಡಿಕೆ ತಿರುಗಿಸಿ, ಕಾಗದದ ಎರಡು ಮೂಲೆ ಹಿಡಿದು ಮೆಲ್ಲಗೆ ಎತ್ತಿದರು. ನೋಡಿದರೆ ಮೂಗುತಿ ಎಡಕ್ಕೆ ಬಂದಿದೆ! ಕಲ್ಲಿನ ಮೇಲೆ ಎಲ್ಲವನ್ನೂ ತಿರುವುಮುರುವು ಬರೆಯುತ್ತಾರಂತೆ, ಕಾಗದದ ಮೇಲೆ ನೆಟ್ಟಗಾಗುತ್ತದಂತೆ. ಎಡಮೂಗಿಗೆ ಮೂಗುತಿ ಬಂದೊಡನೆ ಮುದುಕಿ ನಾನಾದೆ. ನನ್ನ ಮಂಚ, ನನ್ನ ಕೂದಲು, ಅರ್ಧ ತೆರೆದ ನನ್ನ ಬಾಯಿ.

"ಇದು ನಾ ಬರದದ್ದು, ಆಯಿ. ಮೊದಲನೇದು. ಆಗಿ ಮುಗಿಯೂ ತನಕ ನಿನಗ ತೋರಸಬಾರದು ಅಂತ ಇತ್ತು."

ಅಷ್ಟರಲ್ಲಿ ಮಾಸ್ತರರು ಕಾಗದವನ್ನು ಬೆಳಕಿಗೆ ಹಿಡಿದು "ಅಯ್ಯಯ್ಯ" ಎಂದರು. ಖಾಲಿ ಬಿಟ್ಟ ಆಕಾಶದಲ್ಲಿ ಒಂದು ಹೆಬ್ಬೆರಳಿನ ಗುರುತು. ಸುತ್ತು ಸುತ್ತಾದ ಗೆರೆಗಳು, ನಡುವೆ ಅಡ್ಡಕ್ಕೆ ಒಂದು ಬಿಳಿ ಸೀಳು.

"ಯಾರ ಮುಟ್ಟಿದ್ರಿದನ್ನ? ಜಿಡ್ಡಿನ ಕಡ್ಡೀಲೆ ಬರದಿರತೈತಿ. ಕಲ್ಲಿಗೆ ಎಲ್ಲಿ ಜಿಡ್ಡ ಹತ್ತಿತೋ ಅಲ್ಲಿ ಶಾಯಿ ಹಿಡಿತೈತಿ. ಅದಕ್ಕ ಅಲ್ಲೇನ ಅರಿಬಿ ಮುಚ್ಚಿದ್ದು!"

ಅರಿವೆ ಮುಚ್ಚಿದ್ದು ಅದಕ್ಕಂತೆ. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಮೊಮ್ಮಗಳು ಚಿತ್ರ ನೋಡಿದಳು, ನನ್ನ ಸೆರಗು ನೋಡಿದಳು. ನಾನು ಚಿಕ್ಕವಳಿದ್ದಾಗ ಮಗ್ಗದ ಲಾಳಿ ಬಡಿದು ಹೆಬ್ಬೆರಳಿಗೆ ಅಡ್ಡಗೀರು ಬಿದ್ದದ್ದು ಅವಳಿಗೆ ಗೊತ್ತು. ಆ ಬೆರಳು ಹಿಡಿದೇ ನಡೆಯಲು ಕಲಿತವಳು.

"ಆಯಿ, ಕೈ ತಗಿ."

"ಯಾಕ? ನನ್ನ ಕೈ ನಿನಗ್ಯಾಕ?"

"ತಗಿ ಅಂದ್ನಿ."

ತೆಗೆದೆ. ಮಾಸ್ತರರ ಹೆಂಡತಿ ಮೊದಲು ನಕ್ಕರು. "ಚಪ್ಪಲಿ ತರಾಕ ಹೋದವ್ರು ಸಹಿ ಮಾಡಿ ಬಂದಾರ ನೋಡ್ರಿ!" ಮಾಸ್ತರರು ನಗಲಿಲ್ಲ. ಕಲ್ಲಿನ ಮೇಲೆ ಅದನ್ನು ಚೂರಿಯಿಂದ ಕೆರೆಯಬಹುದು, ಸ್ವಲ್ಪ ಗಾಯ ಉಳಿಯುತ್ತದೆ ಎಂದರು. ಮೊಮ್ಮಗಳು ಕಾಗದವನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದಳು.

"ಇರಲಿ ಬಿಡ್ರಿ ಸರ್. ಆಕಾಶ ಖಾಲಿ ಅನಸತಿತ್ತು."

"ನನ್ನ ಮುಖ ನೋಡಿ ಹೇಳಾಕತ್ತಿಯೇನ?" ಎಂದೆ. "ಕರುಣಾ ಬ್ಯಾಡ ನನಗ."

"ಕರುಣಾ ಅಲ್ಲ. ನನ್ನ ದಡಿ ಎಲ್ಲಾ ಓಣ್ಯಾಗಿನವ್ರು ಕದ್ದಾರ. ಇದನ್ನ ಕದೀಲಿ ನೋಡೂಣು."

ಹದಿನೈದು ತೆಗೆದರು. ಹದಿನೈದರಲ್ಲೂ ನನ್ನ ಹೆಬ್ಬೆರಳು ಆಕಾಶದಲ್ಲಿ. ಅವಳು ಒಂದೊಂದರ ಕೆಳಗೂ ಪೆನ್ಸಿಲ್ಲಿನಿಂದ ಅಂಕಿ ಹಾಕಿದಳು. ಯಾವ ಕಾಗದದಲ್ಲೂ ಗುರುತು ಮಸುಕಾಗಿಲ್ಲವಲ್ಲ ಎಂದು ನಾನು ಪ್ರತಿಯೊಂದನ್ನೂ ಬಗ್ಗಿ ನೋಡಿದೆ. ಮುಟ್ಟಲು ಮಾತ್ರ ಬಿಡಲಿಲ್ಲ.

ಆಮೇಲೆ ಮಾಸ್ತರರು ಕಲ್ಲಿನ ಮೇಲೆ ಉಸುಕು, ನೀರು ಸುರಿದು, ಇನ್ನೊಂದು ಚಿಕ್ಕ ಕಲ್ಲನ್ನು ನನ್ನ ಮುಂದೆ ಇಟ್ಟರು. "ತಗೋರಿ ಅಮ್ಮಾರ. ಅರಿಯೂದನ್ನ ಕಣ್ಣಲೆ ನೋಡಬೇಕಂದಿದ್ರಂತ. ನೀವ ಅರೀರಿ."

ನನ್ನ ಮೊಮ್ಮಗಳ ಮೊದಲ ಚಿತ್ರ! ನನ್ನ ಬಾಯಿಂದ ತಾನೇ ಹೊರಟಿತು: "ಇನ್ನೊಂದೆರಡ ತಗದ ಇಟ್ಟರ ಯಾರಿಗೆ ತಿಳಿತೈತ್ರಿ? ಕಲ್ಲರ ಹಂಗ ಇರಲಿ."

ಮಾಸ್ತರರು ಆ ಚಿಕ್ಕ ಕಲ್ಲನ್ನು ನನ್ನ ಕಡೆ ಇನ್ನೂ ಸ್ವಲ್ಪ ಸರಿಸಿದರು. ನಾನು ಸೆರಗು ಕಟ್ಟಿ, ಎರಡೂ ಕೈಯಿಂದ ಅರೆಯಲು ಹತ್ತಿದೆ. ಚಟ್ನಿ ಅರೆದ ಹಾಗಲ್ಲ ಅದು, ಸುತ್ತು ಸುತ್ತಾಗಿ, ಒಂದೇ ಸಮ. ಹೊಳೆ ಹೋಯಿತು, ಮಂಚ ಹೋಯಿತು. ಮೂಗುತಿ ಹೋಗಲು ತಡವಾಯಿತು. ಕೊನೆಗೆ ಬೂದು ನೀರು ಬಳಿದು ನೋಡಿದರೆ ಬರೀ ಕಲ್ಲು. ಬೇವಿನ ಮರವೂ ಇಲ್ಲ, ನಾನೂ ಇಲ್ಲ.

ಮಹಾಲಿಂಗಪುರದ ಚೌಕಟ್ಟು ಬಿಚ್ಚಿಸುವ ಮಾತನ್ನು ನಾನು ಎತ್ತಲೇ ಇಲ್ಲ. ಮಾಸ್ತರರಿಗೆ ಈಗ ಪ್ರತಿ ಭಾನುವಾರ ಹೋಳಿಗೆ ಹೋಗುತ್ತದೆ. ಮೊದಲನೆಯ ಕಾಗದವನ್ನು ಅವಳು ನನಗೇ ಕೊಟ್ಟಳು. ಮಂಚದಲ್ಲಿ ಅದು ಎಲ್ಲಕ್ಕಿಂತ ಮೇಲಿನ ಮಡಿಕೆಯಲ್ಲಿದೆ, ಸರಿಯಾಗಿ ನನ್ನ ಬೆನ್ನಿನ ಕೆಳಗೆ. ಬಂದ ಹೆಂಗಸರು ಕೂರಲು ಹೋದರೆ ಕುರ್ಚಿ ತೋರಿಸುತ್ತೇನೆ. ಎದುರು ಮನೆಯವಳು ಮೊನ್ನೆ ಕೇಳಿದಳು, "ಮಂಚದಾಗ ಏನ್ ಮುಚ್ಚಿಟ್ಟೀದಿ ಬೇ, ಯಾರನ್ನೂ ಕೂಡಾಕ ಬಿಡವಲ್ಲಿ?"

ಅವಳ ಮಗ್ಗದ ಮೇಲೆ ಈಗ ನನ್ನ ಮೊಮ್ಮಗಳ ದಡಿಯೇ ಇದೆ. ನಾನು ಗಾದಿಯ ಮೇಲೆ ಇನ್ನೊಂದು ಅರಿವೆ ಹಾಸಿ ಅದರ ಮೇಲೆ ಕೂತೆ.